ಏಡಿಯ ಊರು ಬರೆದಿದ್ದ ಚೀಟಿ

ಸಮುದ್ರದ ಏಡಿಗಳ ಬಗ್ಗೆ ಸಂಶೋಧನೆ ಮಾಡುವವರು ಸಮುದ್ರದ ಹತ್ತಿರ ಮನೆ ಮಾಡಬೇಕು ಎನ್ನುವುದು ಸಾಮಾನ್ಯ ಬುದ್ಧಿ. ನನಗೆ ಅದಿರಲಿಲ್ಲ. ನಾನು ಮನೆ ಮಾಡಿದ್ದು ಕೆಂಗೇರಿಯಲ್ಲಿ. ಇಲ್ಲಿ ಹತ್ತಿರದ ನೀರೆಂದರೆ ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿ. ಹಾಗಾಗಿ ಹೊಸ ಜಾತಿಯ ಏಡಿಯೊಂದು ಸಿಕ್ಕಿದೆ ಎಂದು ಯಾರಿಗಾದರೂ ಹೇಳಿದರೆ ಅವರು ಮೊದಲು ಕೇಳುತ್ತಿದ್ದದ್ದು, 'ಇಲ್ಲೇ ಮೋರೀಲಿ ಸಿಕ್ತಾ?' ಆಮೇಲೆ, 'ತಿನ್ನಬಹುದಾ?' ಮೂರನೆಯ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿಲ್ಲ.

ತಿನ್ನುವುದಕ್ಕೆ ಅದರಲ್ಲಿ ಏನಿತ್ತು, ಮಣ್ಣು! ನನ್ನ ಕಿರುಬೆರಳಿನ ಉಗುರಿನಷ್ಟು ಏಡಿ. ನೂರು ಹಾಕಿ ಸಾರು ಕಾಯಿಸಿದರೂ ಒಂದು ಮುದ್ದೆಗೆ ಸಾಲದು. ಕರಾವಳಿಯಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಗಳಲ್ಲಿ ಕಾಂಡ್ಲಾ ಗಿಡಗಳು ಬೆಳೆಯುತ್ತವೆ. ಉಪ್ಪುನೀರಿನ ಕೆಸರಿನಲ್ಲಿ ಬೇರುಗಳನ್ನು ಮೇಲಕ್ಕೆ ಚಾಚಿಕೊಂಡು ನಿಲ್ಲುವ ಗಿಡಗಳು ಅವು. ಕಾಲೇಜಿಗೆ ರಜೆ ಬಂದಾಗಲೆಲ್ಲ ನಾನು ಬಸ್ಸು ಹತ್ತಿ ಅಲ್ಲಿಗೆ ಹೋಗಿ ಮೊಣಕಾಲುದ್ದ ಕೆಸರಲ್ಲಿ ನಿಂತು ಏಡಿ ಹಿಡಿಯುತ್ತಿದ್ದೆ. ಮೂರು ಅಳಿವೆಗಳಿಂದ ಮೂರು ಬಾಟಲಿ ತುಂಬಿಸಿ ತಂದಿದ್ದೆ. ಬರಿಗಣ್ಣಿಗೆ ಮೂರರಲ್ಲೂ ಇದ್ದವು ಒಂದೇ ಥರ. ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರೆ, ಉತ್ತರದ ಅಳಿವೆಯ ಬಾಟಲಿಯಲ್ಲಿದ್ದವು ಬೇರೆಯೇ. ಬೆನ್ನಿನ ಚಿಪ್ಪಿನ ಅಂಚಿನಲ್ಲಿ ಉಳಿದವಕ್ಕೆ ನಾಲ್ಕು ಹಲ್ಲು, ಇವಕ್ಕೆ ಮೂರು. ಗಂಡಿನ ಹೊಟ್ಟೆಯಡಿಯಲ್ಲಿ ಮಡಚಿಟ್ಟಿರುವ ಸಣ್ಣ ಅಂಗದ ತುದಿ ಉಳಿದವಕ್ಕೆ ನೇರ, ಇವಕ್ಕೆ ಹೊರಕ್ಕೆ ಬಾಗಿದೆ. ಏಡಿಯ ಜಾತಿ ತೀರ್ಮಾನವಾಗುವುದು ಆ ತುದಿಯ ಮೇಲೆ. ಅದನ್ನು ನೋಡಿದ ದಿನ ನಾನು ಪ್ರಯೋಗಾಲಯದಲ್ಲಿ ಒಬ್ಬಳೇ ಕೂತು ಅತ್ತೆ. ಸಂತೋಷಕ್ಕೇ ಅತ್ತದ್ದು.

ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಹೆಸರು ಬೇಡ. ಮೈಸೂರು ರಸ್ತೆಯ ಯಾವುದೋ ಒಂದು ಬದಿಗಿದೆ ಎಂದರೆ ಸಾಕು. ಅಲ್ಲಿ ನಾನು ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿ. ಒಂಬತ್ತು ವರ್ಷ ಮನೆಯಲ್ಲಿ ಉಳಿದ ಅತಿಥಿಗೆ ಯಾವ ಮರ್ಯಾದೆ ಸಿಗುತ್ತದೋ ಅದು ನನಗೂ ಸಿಗುತ್ತಿತ್ತು. ಈ ಏಡಿಯ ಲೇಖನ ಅಚ್ಚಾದರೆ ನನ್ನ ಪಿಎಚ್.ಡಿ. ಮುಗಿಯುತ್ತದೆ, ಮುಗಿದರೆ ಕಾಯಂ ಹುದ್ದೆಗೆ ಅರ್ಜಿ ಹಾಕಬಹುದು. ಲೇಖನದಲ್ಲಿ ಮೊದಲ ಹೆಸರು ನಮ್ಮ ವಿಭಾಗದ ಮುಖ್ಯಸ್ಥರದು, ಎರಡನೆಯದು ನನ್ನದು. ಅವರು ಏಡಿಯನ್ನು ನೋಡಿದ್ದು ಒಂದೇ ಸಲ, ಅದೂ ಕನ್ನಡಕ ಮನೆಯಲ್ಲಿ ಮರೆತು ಬಂದ ದಿನ. 'ಇನ್ನೂ ಸ್ವಲ್ಪ ದೊಡ್ಡದು ಸಿಗಲಿಲ್ವೇನ್ರೀ?' ಎಂದಿದ್ದರು.

ವಿಭಾಗದಲ್ಲಿ ಏಡಿಯನ್ನು ನಿಜವಾಗಿ ನೋಡಿದ ಇನ್ನೊಬ್ಬ ಮನುಷ್ಯನೆಂದರೆ ನಮ್ಮ ಅಟೆಂಡರ್. ಈ ಅಟೆಂಡರೇ ನನ್ನ ಮನೆ ಓನರ್ ಕೂಡ. ಕೆಂಗೇರಿಯಾಚೆಯ ಹಳ್ಳಿಯೊಂದರ ಒಕ್ಕಲು ಮನೆತನ ಅವರದು. ರಾಗಿ ಹೊಲ ಲೇಔಟ್ ಆಯಿತು, ಲೇಔಟಿನಲ್ಲಿ ಅವರ ಮೂರು ಕಟ್ಟಡ ಎದ್ದವು. ಅದರಲ್ಲೊಂದರ ಎರಡನೇ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಬೆಳಿಗ್ಗೆ ನೀರು ಬರದಿದ್ದರೆ ನಾನು ಕೆಳಗಿಳಿದು, 'ಅಣ್ಣಾ, ಮೋಟ್ರು ಹಾಕಿಸ್ತೀರಾ?' ಎಂದು ಕೈ ಕಟ್ಟಿ ನಿಲ್ಲುತ್ತಿದ್ದೆ. ಹತ್ತು ಗಂಟೆಗೆ ಅವರೇ ಖಾಕಿ ಅಂಗಿ ಹಾಕಿಕೊಂಡು, 'ಮೇಡಂ, ಟೀ ತರ್ಲಾ?' ಎಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ನಮ್ಮ ಮುಖ್ಯಸ್ಥರು ಬರುತ್ತಿದ್ದದ್ದು ಹಳೇ ಸ್ಕೂಟರಿನಲ್ಲಿ. ಅವರಿಗೆ ಮುಜುಗರವಾಗಬಾರದೆಂದು ಅಟೆಂಡರ್ ತಮ್ಮ ದೊಡ್ಡ ಕಾರನ್ನು ಎರಡು ರಸ್ತೆ ಆಚೆ ನಿಲ್ಲಿಸಿ ನಡೆದು ಬರುತ್ತಿದ್ದರು.

'ಇಷ್ಟೆಲ್ಲ ಇದ್ದು ಯಾಕಣ್ಣ ಈ ಕೆಲಸ?' ಎಂದು ಒಮ್ಮೆ ಕೇಳಿದ್ದೆ.

'ಬಾಡಿಗೆ ಮನೆ ಯಾರ್ ಬೇಕಾದ್ರೂ ಕಟ್ತಾರೆ ಮೇಡಂ. ಮೂವತ್ಮೂರು ವರ್ಸದ ಸರ್ವೀಸು ನಂದು. ಒಂದ್ ಮೆಮೊ ಇಲ್ಲ, ಒಂದ್ ನೋಟೀಸ್ ಇಲ್ಲ. ನಮ್ ವಂಶದಾಗೆ ಸರ್ಕಾರದ ಪುಸ್ತಕದಲ್ಲಿ ಹೆಸ್ರು ಬರೆಸ್ಕೊಂಡೋನು ನಾನೊಬ್ನೇ. ಆ ಪುಸ್ತಕ ಹಂಗೇ ಬಿಳೀದಾಗಿ ವಾಪಸ್ ಕೊಟ್ಟು ಮನೆಗ್ ಹೋಗ್ಬೇಕು. ಅಷ್ಟೇ ಆಸೆ.' ನಿವೃತ್ತಿಗೆ ಆಗ ಅವರಿಗೆ ಇನ್ನೊಂದು ವರ್ಷವೂ ಇರಲಿಲ್ಲ.

ಏಡಿಯ ವಿಷಯದಲ್ಲಿ ಅವರು ನನಗಿಂತ ಹಳಬರು. ಚಿಕ್ಕಂದಿನಲ್ಲಿ ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಎಳೆದವರು. ನನ್ನ ಏಡಿಯನ್ನು ಚಿಮಟದಲ್ಲಿ ಮಗುಚಿ ನೋಡಿ, 'ಗಂಡು' ಎಂದರು, ಕ್ಷಣದಲ್ಲಿ. ಮೈಕ್ರೋಸ್ಕೋಪಿನಲ್ಲಿ ಆ ಬಾಗಿದ ತುದಿ ತೋರಿಸಿ ಇದರಿಂದಲೇ ಜಾತಿ ಗೊತ್ತಾಗುವುದು ಎಂದಾಗ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ, 'ಅಲ್ಲಾ ಮೇಡಂ, ಅದರ ಮಾನ ತೆಗೆದು ಜಾತಿ ಕಂಡುಹಿಡಿಯೋದಾ? ಪಾಪ' ಎಂದರು. ಅಂದಿನಿಂದ ದಿನಾ ಬಂದು ಬಾಟಲಿಯಲ್ಲಿ ಸ್ಪಿರಿಟ್ ಕಡಿಮೆಯಾಗಿದೆಯಾ ಎಂದು ನೋಡಿ ಹೋಗುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಸ ಜಾತಿ ಎಂದು ಸಾರುವಾಗ ಒಂದು ಏಡಿಯನ್ನು ಆರಿಸಿ, ಇದೇ ಅದರ ಮಾದರಿ ಎಂದು ಲೋಕಕ್ಕೆ ಒಪ್ಪಿಸಬೇಕು. ಅದರ ಬಾಟಲಿಯೊಳಗೆ ಒಂದು ಚೀಟಿ. ಎಲ್ಲಿ ಸಿಕ್ಕಿತು, ಯಾವತ್ತು, ಹಿಡಿದವರು ಯಾರು. ಚೀಟಿ ಇಲ್ಲದ ಏಡಿ ರೇಷನ್ ಕಾರ್ಡ್ ಇಲ್ಲದ ಮನುಷ್ಯನ ಹಾಗೆ, ಕಣ್ಣೆದುರೇ ಇದ್ದರೂ ಲೆಕ್ಕಕ್ಕಿಲ್ಲ. ಆ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಸ್ಪಿರಿಟ್ ಪೆನ್ನಿನ ಮಸಿಯನ್ನು ಕರಗಿಸಿಬಿಡುತ್ತದೆ, ಪೆನ್ಸಿಲನ್ನು ಮುಟ್ಟುವುದಿಲ್ಲ. ಇದನ್ನು ನಾನು ಪ್ರತಿ ವರ್ಷ ಮೊದಲ ಪ್ರಾಕ್ಟಿಕಲ್ ದಿನ ಮಕ್ಕಳಿಗೆ ಗಂಟಲು ಹರಿದುಕೊಂಡು ಹೇಳುತ್ತಿದ್ದೆ.

ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಿ ಎರಡು ತಿಂಗಳಾಗಿರಬೇಕು, ಕಾಲೇಜಿಗೆ ತಪಾಸಣೆಯ ಸಮಿತಿ ಬರುತ್ತದೆ ಎಂಬ ಸುದ್ದಿ ಬಂತು. ಕಾಲೇಜಿಗೆ ಒಳ್ಳೆಯ ಗ್ರೇಡು ಕೊಡುವ ಸಮಿತಿ. ಅಯ್ಯೋ, ಆ ಸಡಗರ ನೋಡಬೇಕಿತ್ತು! ನರ್ಸರಿಯಿಂದ ಬಾಡಿಗೆಗೆ ಕುಂಡಗಳು ಬಂದವು. ವರ್ಷಗಳಿಂದ ಮುಚ್ಚಿದ್ದ ಹೆಣ್ಣುಮಕ್ಕಳ ಶೌಚಾಲಯದ ಬೀಗ ಒಡೆದರು, ಬೀಗದ ಕೈ ಯಾರಲ್ಲೂ ಇರಲಿಲ್ಲ. ಗ್ರಂಥಾಲಯದಲ್ಲಿ ಓದುವವರು ಬೇಕೆಂದು ಕಾಮರ್ಸ್ ಹುಡುಗರನ್ನು ಪಾಳಿಯ ಮೇಲೆ ಕೂರಿಸಿದರು. ನಮ್ಮ ಮುಖ್ಯಸ್ಥರಿಗೆ ಎಲ್ಲಿಂದಲೋ 'ಏಕರೂಪತೆ' ಎಂಬ ಪದ ಹತ್ತಿಕೊಂಡಿತು.

'ನೋಡ್ರೀ, ನಮ್ಮ ಮ್ಯೂಸಿಯಂನಲ್ಲಿ ಒಂದು ಬಾಟ್ಲಿ ಎತ್ತರ, ಒಂದು ಗಿಡ್ಡ. ಒಂದರಲ್ಲಿ ಚೀಟಿ ಇದೆ, ಒಂದರಲ್ಲಿ ಇಲ್ಲ, ಇದ್ದಿದ್ದೂ ಮಕ್ಕಳು ಗೀಚಿದ ಹಾಗಿದೆ. ಎಲ್ಲಾ ಒಂದೇ ಥರ ಕಾಣ್ಬೇಕು.'

ಹೊರಗೆ ಅಂಟಿಸಲು ಕಾಲೇಜಿನ ಲಾಂಛನವಿರುವ ಸ್ಟಿಕರ್ ಮಾಡಿಸಿದರು. ಅದರಲ್ಲಿ ಒಂದು ನಂಬರ್ ಮಾತ್ರ. ಆ ನಂಬರನ್ನೂ ಬಾಟಲಿಯ ಎತ್ತರದ ಪ್ರಕಾರ ಕೊಟ್ಟರು. ಹಾವು ಒಂದು, ಹಲ್ಲಿ ಎರಡು. ನನ್ನ ಏಡಿ ಕಟ್ಟಕಡೆ. ಒಳಗಿನ ಚೀಟಿಗಳನ್ನು ಅಂದವಾಗಿ ಬರೆಯುವ ಕೆಲಸ ಅಟೆಂಡರ್ ಪಾಲಿಗೆ ಬಂತು, ಏಕೆಂದರೆ ಇಡೀ ಕಾಲೇಜಿನಲ್ಲಿ ಅವರ ಅಕ್ಷರ ಮುತ್ತು ಪೋಣಿಸಿದಂತಿತ್ತು. ಸನ್ಮಾನಪತ್ರಗಳನ್ನೂ ಅವರೇ ಬರೆಯುತ್ತಿದ್ದರು, ಮಸಿ ಪೆನ್ನಿನಲ್ಲಿ.

ಹಿಂದಿನ ದಿನ ಮಧ್ಯಾಹ್ನ ನಾನು ಸಮಿತಿಗೆ ತೋರಿಸುವ ಸ್ಲೈಡುಗಳನ್ನು ಮಾಡುತ್ತ ಕೂತಿದ್ದೆ. ಮುಖ್ಯಸ್ಥರ ಫೋಟೋ ಪ್ರತಿ ಸ್ಲೈಡಿನಲ್ಲೂ ಎಡಗಡೆ ಬರಬೇಕೆಂದು ನಾಲ್ಕನೇ ಸಲ ತಿದ್ದಿಸಿದ್ದರು. ತಲೆ ಕೆಟ್ಟಿತ್ತು. ಆಗ ಅಟೆಂಡರ್ ಬಾಗಿಲಲ್ಲಿ ನಿಂತು ಕೇಳಿದರು:

'ಮೇಡಂ, ನಿಮ್ಮ ಏಡಿ ಬಾಟ್ಲಿದು ಪೆನ್ಸಿಲ್ ಚೀಟಿ ತೆಗೆದು ಪೆನ್ನಾಗೆ ಬರೆದು ಹಾಕ್ಲಾ?'

ನಾನು ತಲೆ ಎತ್ತಲಿಲ್ಲ. 'ಬರೀರಿ ಅಣ್ಣ, ಏನಾದ್ರೂ ಬರೀರಿ. ಚೆನ್ನಾಗ್ ಕಂಡ್ರೆ ಸಾಕು' ಎಂದೆ.

ಇಷ್ಟೇ ನಡೆದದ್ದು. ಅವರು ಕೇಳಿದರು, ನಾನು ಹೇಳಿದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಸಮಿತಿ ಬಂತು, ಶಾಲು ಹೊದ್ದಿತು, ಗೋಡಂಬಿ ತಿಂದಿತು. ನಾನು ಸೆಮಿನಾರ್ ಹಾಲಿನಲ್ಲಿ ಪ್ರೊಜೆಕ್ಟರಿನ ವೈರು ಹಿಡಿದುಕೊಂಡು ನಿಂತಿದ್ದೆ, ಕೈ ಬಿಟ್ಟರೆ ಚಿತ್ರ ಹೋಗುತ್ತಿತ್ತು. ಮ್ಯೂಸಿಯಂಗೆ ಅವರನ್ನು ಕರೆದುಕೊಂಡು ಹೋದದ್ದು ಮುಖ್ಯಸ್ಥರು. ಸಂಜೆ ಬಂದು ಹಿಗ್ಗಿನಿಂದ ಹೇಳಿದರು, 'ಅಧ್ಯಕ್ಷರಿಗೆ ಆ ನೀಲಿ ಬಾಟ್ಲಿಗಳು ಬಹಳ ಹಿಡಿಸಿದ್ವು ಕಣ್ರೀ. ಸಮುದ್ರದ ಎಫೆಕ್ಟ್ ಕೊಟ್ಟಿದ್ದೀರಾ ಅಂದ್ರು. ಹೌದು ಸಾರ್, ನಮ್ಮದೇ ಐಡಿಯಾ ಅಂದೆ. ಏಡಿ ತಿನ್ನೋದಾ ಅಂತಾನೂ ಕೇಳಿದ್ರು.' ಕೆಮಿಸ್ಟ್ರಿಯವರ ಮೈಲುತುತ್ತದ ಬಾಟಲಿಗಳನ್ನು ತಂದು ನಮ್ಮ ಕಪಾಟಿನಲ್ಲಿ ಇಟ್ಟಿರಬೇಕು ಎಂದುಕೊಂಡು ನಾನು ಮನೆಗೆ ಹೋಗಿ ಮಲಗಿದೆ.

ಹದಿನೈದು ದಿನದ ಮೇಲೆ ಪತ್ರಿಕೆಯಿಂದ ಮಿಂಚಂಚೆ ಬಂತು. ಲೇಖನ ಬಹುಪಾಲು ಒಪ್ಪಿಗೆಯಾಗಿದೆ, ಮಾದರಿ ಏಡಿಯ ಮೂಲ ಚೀಟಿಯ ಫೋಟೋ ಕಳಿಸಿ. ಕುಣಿಯುತ್ತ ಹೋಗಿ ಕಪಾಟು ತೆಗೆದೆ. ಮೂರು ಬಾಟಲಿ, ಮೂರರಲ್ಲೂ ನೀಲಿ ನೀರು. ಒಳಗೆ ನೀಲಿ ಏಡಿಗಳು. ಚೀಟಿ ತೆಗೆದು ನೋಡಿದರೆ ಖಾಲಿ ಕಾಗದ. ಹಳೆಯ ಪೆನ್ಸಿಲ್ ಚೀಟಿಗಳು ತಪಾಸಣೆಯ ಹಿಂದಿನ ದಿನವೇ ಕಸದ ಗಾಡಿಗೆ ಹೋಗಿದ್ದವು.

ನಾನು ಕಿರುಚಿದೆ. ಕಾರಿಡಾರಿಗೆ ಬಂದು, ಮಕ್ಕಳ ಮುಂದೆ, ನನ್ನ ಅಪ್ಪನ ವಯಸ್ಸಿಗೆ ಹತ್ತಿರವಿದ್ದ ಆ ಮನುಷ್ಯನ ಮೇಲೆ. 'ಮೂರು ವರ್ಷದ ಕೆಲಸ ರೀ! ಏನು ಮಾಡ್ತಾ ಇದೀರಾ ಅಂತ ಒಂದು ಮಾತು ಕೇಳಬಾರದಾ?' ಅವರು ತಲೆ ತಗ್ಗಿಸಿ ನಿಂತರು. ಕೇಳಬಾರದಾ ಎನ್ನುವ ಮಾತು ನನ್ನ ಬಾಯಿಂದ ಹೊರಬಿದ್ದ ಕ್ಷಣಕ್ಕೇ ನನಗೆ ನೆನಪಾಯಿತು. ಅವರಿಗಂತೂ ನೆನಪಿದ್ದೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ನಾನೂ ನಿಲ್ಲಿಸಲಿಲ್ಲ. ಶುರುವಾದ ಕಿರುಚಾಟವನ್ನು ಅರ್ಧಕ್ಕೆ ನಿಲ್ಲಿಸುವುದು ಹೇಗೆಂದು ಗೊತ್ತಾಗಲಿಲ್ಲ.

ನನ್ನ ಫೀಲ್ಡ್ ನೋಟ್‌ಬುಕ್ಕಿನಲ್ಲಿ ಪ್ರತಿ ಏಡಿಯ ಅಗಲ ಬರೆದಿತ್ತು, ಚಿತ್ರವೂ ಇತ್ತು. ಮಾದರಿ ಏಡಿಗೆ ಎಡಗಡೆಯ ಮೂರನೇ ಕಾಲು ಮುರಿದಿತ್ತು, ಅದನ್ನೂ ಬರೆದಿದ್ದೆ. ಎರಡು ದಿನ ಕೂತು ಎಲ್ಲವನ್ನೂ ಅಳೆದು ಹೊಂದಿಸಿದೆ. ಒಂದೂ ತಪ್ಪಿರಲಿಲ್ಲ. ಅದನ್ನು ಕಳಿಸಿದೆ. ಪತ್ರಿಕೆಯವರು ಸಭ್ಯರು. ನೋಟ್‌ಬುಕ್ ಒಪ್ಪುತ್ತೇವೆ, ಆದರೆ ಮೂಲ ಚೀಟಿ ಹೇಗೆ ಹಾಳಾಯಿತು ಎಂದು ಸಂಸ್ಥೆಯಿಂದ ಒಂದು ಪತ್ರ ಬೇಕು ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ತಪಾಸಣೆಗಾಗಿ ಎಲ್ಲ ಚೀಟಿಗಳನ್ನು ಬದಲಾಯಿಸಲಾಯಿತು, ಆಗ ತಪ್ಪಾಯಿತು ಎಂದು ನಾನು ಬರೆದುಕೊಂಡು ಹೋದ ಪತ್ರವನ್ನು ಮುಖ್ಯಸ್ಥರು ಓದಿ ಪಕ್ಕಕ್ಕಿಟ್ಟರು.

'ಬದಲಾಯಿಸಲಾಯಿತು ಅಂದ್ರೆ ಯಾರು ಬದಲಾಯಿಸಿದ್ದು? ನಾನಾ? ಇದಕ್ಕೆ ಸೈನ್ ಹಾಕಿದ್ರೆ ನಾಳೆ ಸಮಿತಿಯೋರು ನನ್ನ ಕುತ್ತಿಗೆ ಹಿಡೀತಾರೆ. ಬರೆದಿದ್ದು ಅಟೆಂಡರ್ ತಾನೇ? ಹಾಗಂತ ನೀವೊಂದು ದೂರು ಕೊಡಿ. ನಾನೊಂದು ಮೆಮೊ ಕೊಡ್ತೀನಿ, ಅವರು ತಪ್ಪೊಪ್ಪಿಗೆ ಕೊಡ್ಲಿ, ಮೂರನ್ನೂ ಸೇರಿಸಿ ಕಳಿಸೋಣ. ಫೈಲು ಪಕ್ಕಾ ಆಗುತ್ತೆ.'

'ಸಾರ್, ಅವರು ರಿಟೈರ್ ಆಗೋಕೆ ಒಂದು ತಿಂಗಳಿದೆ.'

'ಅದಕ್ಕೇ ಹೇಳ್ತಿರೋದು. ಹೋಗೋರಿಗೆ ಏನ್ರೀ ನಷ್ಟ? ಪೆನ್ಷನ್ ನಿಲ್ಲಲ್ಲ, ಏನಿಲ್ಲ. ಮೂರ್ ಮೂರ್ ಬಿಲ್ಡಿಂಗ್ ಇದಾವೆ. ನಿಮಗೆ ಏನಿದೆ?'

ಆ ಕೊನೆಯ ಪ್ರಶ್ನೆ ನನ್ನನ್ನು ತಿಂದುಹಾಕಿತು. ನನಗೆ ಏನಿತ್ತು? ಒಂದು ಏಡಿ. ಮೂರು ದಿನ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಅವರಿಗೆ ನಿಜವಾಗಿ ಏನೂ ನಷ್ಟವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ ಇದು ಎಂದು ಗೊತ್ತಿದ್ದೂ ಹೇಳಿಕೊಂಡೆ. ನಾಲ್ಕನೇ ದಿನ ದೂರು ಬರೆದೆ. 'ನನ್ನ ಗಮನಕ್ಕೆ ತಾರದೆ' ಎಂಬ ಮಾತನ್ನು ಮುಖ್ಯಸ್ಥರು ಸೇರಿಸಲು ಹೇಳಿದರು. ಸೇರಿಸಿದೆ. ಸಹಿ ಹಾಕಿದೆ. ಕೈ ನಡುಗಿತು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ನೆಟ್ಟಗೆ ಸಹಿ ಹಾಕಿದೆ.

ಮೆಮೊವನ್ನು ಅಟೆಂಡರ್ ಎರಡೂ ಕೈಯಲ್ಲಿ ತೆಗೆದುಕೊಂಡರಂತೆ. ಅದಕ್ಕೆ ಕೊಟ್ಟ ಉತ್ತರವನ್ನು ನಾನು ನೋಡಿದೆ, ನನ್ನ ಲೇಖನದ ಜೊತೆ ಹೋಗಬೇಕಿತ್ತಲ್ಲ. ಅದೇ ಮುತ್ತಿನಂಥ ಅಕ್ಷರ. 'ಯಾರನ್ನೂ ಕೇಳದೆ ನಾನಾಗಿಯೇ ಮಾಡಿದ ತಪ್ಪು. ಯಾರೂ ಹೇಳಿರುವುದಿಲ್ಲ. ಕ್ಷಮಿಸಬೇಕಾಗಿ ವಿನಂತಿ.'

ಆ ಸಂಜೆ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಎದುರು ಸಿಕ್ಕರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವರೇ ಮಾತು ತೆಗೆದರು.

'ಮೇಡಂ, ಅವತ್ತು ನಿಮ್ಮನ್ನ ಕೇಳಿದ್ದೆ ಅಂತ ನಾನು ಬರೀಲಿಲ್ಲ. ನೀವು ಕಂಪ್ಯೂಟರ್ ಕೆಲ್ಸದಾಗ್ ಇದ್ರಿ. ನಾನ್ ಕೇಳಿದ್ದು ನಿಮಗೆ ಕೇಳಿಸ್ಲಿಲ್ಲ ಅನ್ಸುತ್ತೆ. ಸುಮ್ನೆ ಏನೋ ಹೂಂ ಅಂದಿದೀರಾ.'

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಕೇಳುವವರು ಯಾರೂ ಇರಲಿಲ್ಲ.

'ಹೌದಣ್ಣ' ಎಂದೆ. 'ಕೇಳಿಸಿರಲಿಲ್ಲ.'

'ಅದೇ ಅನ್ಕೊಂಡೆ' ಎಂದು ಅವರು ಕೆಳಗಿಳಿದು ಹೋದರು. ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎನ್ನಿಸಿತು. ಹಾಗೆ ಅನ್ನಿಸಿದ ಮೇಲೂ ಅನ್ನ ಸೇರಿತು, ನಿದ್ದೆಯೂ ಬಂತು.

ಲೇಖನ ಅಚ್ಚಾದ ವಾರವೇ ಅವರ ಬೀಳ್ಕೊಡುಗೆ. ಸೆಮಿನಾರ್ ಹಾಲಿನಲ್ಲಿ ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಂಧದ ಹಾರ. ಸನ್ಮಾನಪತ್ರವನ್ನು ಬರೆಯಲು ಬೇರೆ ಯಾರೂ ಇಲ್ಲದ್ದರಿಂದ ಅದನ್ನೂ ಅವರಿಂದಲೇ ಬರೆಸಿದ್ದರು. ಮುಖ್ಯಸ್ಥರು ಮೈಕು ಹಿಡಿದು, 'ಕಳಂಕವಿಲ್ಲದ ಸೇವೆ' ಎಂದು ಅದನ್ನು ಓದಿದರು. ಆ ಮಾತು ಓದುವಾಗ ಅವರ ದನಿ ಒಂದಿಷ್ಟೂ ಅಳುಕಲಿಲ್ಲ. ಆಮೇಲೆ, ವಿಭಾಗಕ್ಕೆ ಜಗತ್ತಿನ ಭೂಪಟದಲ್ಲಿ ಜಾಗ ತಂದುಕೊಟ್ಟ ಹೊಸ ಏಡಿಯನ್ನೂ ಅದೇ ಭಾಷಣದಲ್ಲಿ ಸೇರಿಸಿ, ನನಗೂ ಒಂದು ಶಾಲು ಹೊದಿಸಿದರು. ನಾನು ಅದನ್ನು ಹೊದ್ದು ಮೊದಲ ಸಾಲಿನಲ್ಲಿ ಕೂತೆ.

ಅಟೆಂಡರ್ ಮಾತಾಡುವುದಿಲ್ಲ ಎಂದರು. ಎಲ್ಲರೂ ಒತ್ತಾಯ ಮಾಡಿದ ಮೇಲೆ ಎದ್ದರು. ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು.

'ಸಾರ್ ಹೇಳಿದ್ದು ಪೂರ್ತಿ ಸರಿ ಇಲ್ಲ' ಎಂದರು. 'ಕಳಂಕ ಇಲ್ದೆ ಹೋಗ್ಬೇಕು ಅಂತ ಬಹಳ ಆಸೆ ಇತ್ತು. ಕೊನೇಲಿ ಒಂದ್ ತಪ್ಪಾಗೋಯ್ತು. ಬುಕ್ಕಲ್ಲಿ ಬಂದೈತೆ, ಬರ್ಬೇಕಾದ್ದೇ. ಮೇಡಂಗೆ ಬಹಳ ನೋವು ಕೊಟ್ಬಿಟ್ಟೆ. ಎಲ್ಲಾರ ಮುಂದೆ ಕೇಳ್ಕೋತೀನಿ.' ವೇದಿಕೆಯಿಂದ ಇಳಿದು ಬಂದು, ನನ್ನ ಕುರ್ಚಿಯ ಮುಂದೆ ನಿಂತು, ಪೇಟ ಹಿಡಿದ ಕೈಗಳನ್ನೇ ಜೋಡಿಸಿದರು. 'ಕ್ಷಮಿಸ್ಬಿಡಿ ಮೇಡಂ.'

ಅವರ ಹೆಂಡತಿ ಎರಡನೇ ಸಾಲಿನಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮುಖ್ಯಸ್ಥರು ನನ್ನನ್ನೇ ನೋಡುತ್ತಿದ್ದರು. ಅಟೆಂಡರ್ ಕೂಡ ನೋಡುತ್ತಿದ್ದರು. ಅವರ ಕಣ್ಣಲ್ಲಿ ಸಿಟ್ಟಿದ್ದರೆ, ಕೊಂಕಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಎರಡೂ ಇರಲಿಲ್ಲ. ನನಗೆ ಕೇಳಿಸಿರಲಿಲ್ಲ ಎಂದು ಆ ಮನುಷ್ಯ ನಿಜವಾಗಿಯೂ ನಂಬಿಬಿಟ್ಟಿದ್ದರು.

ನಾನು ಎದ್ದು ನಿಂತೆ. ಜಾರುತ್ತಿದ್ದ ಶಾಲನ್ನು ಸರಿಮಾಡಿಕೊಂಡೆ.

'ಪರವಾಗಿಲ್ಲ ಬಿಡಿ ಅಣ್ಣ' ಎಂದೆ. 'ನಾನು ಯಾವತ್ತೋ ಮರೆತುಬಿಟ್ಟಿದೀನಿ.'

ಎಷ್ಟು ದೊಡ್ಡ ಮನಸ್ಸು ಎಂದು ಹಿಂದೆ ಯಾರೋ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಪೇಟವನ್ನು ಕಂಕುಳಲ್ಲಿ ಇಟ್ಟುಕೊಂಡು ಅಟೆಂಡರ್ ಕೂಡ ತಟ್ಟಿದರು.